ಲಿಪಿಯೂ ನುಡಿಯೂ: ನಾಸಿಕದ ನಾಣ್ಯಗಳಿಂದ ವೇರೂಳದ ಗುಹೆಗಳವರೆಗೆ

ಒಂದು ಬರಹ ಯಾವ ಲಿಪಿಯಲ್ಲಿದೆ ಎಂದು ಹೇಳುವುದು ಒಂದು ಕೆಲಸ. ಅದು ಯಾವ ಭಾಷೆಯಲ್ಲಿದೆ ಎಂದು ಹೇಳುವುದು ಬೇರೆಯೇ ಕೆಲಸ. ಈ ಭೇದವನ್ನು ಮರೆತುದರಿಂದ ದಖ್ಖಣದ ಇತಿಹಾಸದಲ್ಲಿ ಉಂಟಾಗಿರುವ ಗೊಂದಲ ಅಲ್ಪವಾದುದಲ್ಲ. ಗೋದಾವರಿಯ ದಂಡೆಯಲ್ಲಂತೂ ಅದಕ್ಕೆ ವಿಶೇಷವಾದ ಅವಕಾಶವುಂಟು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಬಡಗಣ ಎಲ್ಲೆಯನ್ನು ಈ ನದಿಯವರೆಗೆ ಒಯ್ದಿದೆ. 1934ರಲ್ಲಿ ಶಂ. ಬಾ. ಜೋಶಿಯವರ ‘ಮಹಾರಾಷ್ಟ್ರದ ಮೂಲ’ ಹೊರಬಂದ ಮೇಲೆ ನಾಸಿಕ, ಪೈಠಣ, ವೇರೂಳಗಳ ನೆಲದಲ್ಲಿ ದೊರೆತ ಅಕ್ಷರಗಳಲ್ಲಿ ಕನ್ನಡವನ್ನು ಅರಸುವ ಉತ್ಸಾಹ ಹೊರನಾಡ ಕನ್ನಡಿಗರಲ್ಲಿ ಇನ್ನಷ್ಟು ಬೆಳೆದುದು ಸಹಜವೇ ಆಗಿದೆ. ಉತ್ಸಾಹ ತಪ್ಪಲ್ಲ. ಆದರೆ ನೆರೆಯ ಮರಾಠಿ ವಿದ್ವಾಂಸರ ಮುಂದೆ ಇಟ್ಟಾಗ ನಿಲ್ಲುವ ಸಾಕ್ಷ್ಯ ಯಾವುದು, ಜಾರುವ ಸಾಕ್ಷ್ಯ ಯಾವುದು ಎಂಬ ವಿವೇಚನೆ ಅದರೊಡನೆ ಇರಬೇಕಾಗುತ್ತದೆ. ಈ ವಿವೇಚನೆಗೆ ಕಾಗುಣಿತದಂತಹ ಒರೆಗಲ್ಲು ಬೇರೊಂದಿಲ್ಲ. ಯಾವ ಅಕ್ಷರವನ್ನು ಇಮ್ಮಡಿಸಿದ್ದಾರೆ, ಯಾವ ಸ್ವರಚಿಹ್ನೆಯನ್ನು ಬಿಟ್ಟಿದ್ದಾರೆ, ಪದದ ತುದಿಯಲ್ಲಿ ಏನನ್ನು ಹಚ್ಚಿದ್ದಾರೆ ಎಂಬ ಸಣ್ಣ ಸಂಗತಿಗಳೇ ಇಲ್ಲಿ ದೊಡ್ಡ ಮಾತನ್ನು ಹೇಳುತ್ತವೆ.

ನಾಸಿಕದ ಪಾಂಡವಲೇಣಿಯ ಗುಹೆಗಳಲ್ಲಿರುವ ಶಾಸನಗಳನ್ನು ಭಗವಾನಲಾಲ್ ಇಂದ್ರಜಿಯವರೂ ಅವರ ತರುವಾಯ ಸೆನಾರ್ಟರೂ ಕೂಲಂಕಷವಾಗಿ ಓದಿದ್ದಾರೆ. ಎಲ್ಲವೂ ಬ್ರಾಹ್ಮೀ ಲಿಪಿಯಲ್ಲಿವೆ. ಆದರೂ ನುಡಿ ಒಂದೇ ಬಗೆಯದಲ್ಲ. ಹತ್ತನೆಯ ಗುಹೆಯಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನ ದಾನಗಳನ್ನು ಹೇಳುವ ದೊಡ್ಡ ಶಾಸನ ಸಂಸ್ಕೃತದ ಠೀವಿಯಲ್ಲಿ ಮೊದಲಾಗುತ್ತದೆ. ‘ರಾಜ್ಞಃ’ ಎಂದು ವಿಸರ್ಗವಿದೆ, ‘ಕ್ಷಹರಾತಸ್ಯ’ ಎಂದು ಒತ್ತಕ್ಷರವಿದೆ. ಮುಂದೆ ಹೋದಂತೆ ಬರಹ ಪ್ರಾಕೃತಕ್ಕೆ ಇಳಿಯುತ್ತದೆ. ಕಲ್ಲು ಒಂದೇ, ಲಿಪಿ ಒಂದೇ; ನುಡಿ ಬದಲಾದುದನ್ನು ತಿಳಿಸುವುದು ವಿಸರ್ಗ ಮತ್ತು ಒತ್ತುಗಳ ಏರಿಳಿತ ಮಾತ್ರ. ‘ಕ್ಷಹರಾತ’ ಎಂಬ ಪರದೇಶಿ ಮನೆತನದ ಹೆಸರು ಮತ್ತೊಂದು ಬಗೆಯ ಸುಳಿವನ್ನು ಕೊಡುತ್ತದೆ. ಅದನ್ನೇ ಬೇರೆಡೆಗಳಲ್ಲಿ ‘ಖಹರಾತ’ ಎಂದು ಬರೆದಿದ್ದಾರೆ. ಮೂರನೆಯ ಗುಹೆಯ ಗೌತಮೀ ಬಲಶ್ರೀಯ ಶಾಸನದಲ್ಲಿ ‘ಖಖರಾತ’ ಎಂದಾಗಿದೆ. ಒಂದು ಹೆಸರು ಹೀಗೆ ಮೂರು ಬಗೆಯಾಗಿ ಬರೆಯಲ್ಪಟ್ಟಿತೆಂದರೆ ಅದು ಬರೆಯುವವರ ನಾಲಗೆಯ ಹೆಸರಲ್ಲವೆಂದು ಊಹಿಸಲು ಅಡ್ಡಿಯಿಲ್ಲ. ‘ಪುತ’, ‘ಸಿಧ’ ಮೊದಲಾದ ತಮ್ಮ ಮಾತುಗಳನ್ನು ಬರೆಯುವಾಗ ಅದೇ ಲಿಪಿಕಾರರು ಇಷ್ಟು ತಡವರಿಸುವುದಿಲ್ಲ.

ಈ ನಹಪಾನನ ನಾಣ್ಯಗಳೇ ಪ್ರಕೃತ ವಿಷಯಕ್ಕೆ ಅತ್ಯುತ್ತಮ ಉದಾಹರಣೆ. 1906ರಲ್ಲಿ ನಾಸಿಕ ಜಿಲ್ಲೆಯ ಜೋಗಲಟೆಂಭಿ ಎಂಬ ಹಳ್ಳಿಯಲ್ಲಿ ಹದಿಮೂರು ಸಾವಿರಕ್ಕೂ ಮಿಕ್ಕ ಬೆಳ್ಳಿಯ ನಾಣ್ಯಗಳ ನಿಧಿ ಸಿಕ್ಕಿತು. ಅವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನ ಮೇಲೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆಯನ್ನು ಒತ್ತಿಸಿದ್ದನು. ಗೆದ್ದವನು ಸೋತವನ ಹಣವನ್ನು ಕರಗಿಸದೆ ಅದರ ಮೇಲೆಯೇ ತನ್ನ ಗುರುತನ್ನು ಹೊಡೆಸಿದ್ದು ನಮ್ಮ ಅದೃಷ್ಟ. ನಹಪಾನನ ನಾಣ್ಯದ ಒಂದು ಬದಿಯಲ್ಲಿ ಅರಸನ ತಲೆ, ಅದರ ಸುತ್ತ ಗ್ರೀಕ್ ಅಕ್ಷರಗಳು. ಇನ್ನೊಂದು ಬದಿಯಲ್ಲಿ ಬ್ರಾಹ್ಮಿ ಮತ್ತು ಖರೋಷ್ಠಿ. ಒಂದೊಂದು ನಾಣ್ಯದಲ್ಲಿಯೂ ಅಂಚಿನ ಅಕ್ಷರಗಳು ಸವೆದಿರುತ್ತವೆ, ಇಲ್ಲವೆ ಅಚ್ಚು ಓರೆಯಾಗಿ ಬಿದ್ದು ಅರ್ಧ ಸಾಲು ಹೊರಗೆ ಹೋಗಿರುತ್ತದೆ. ಕೆಲವೇ ನಾಣ್ಯಗಳನ್ನು ಕಂಡವರಿಗೆ ಆ ಗ್ರೀಕ್ ಸಾಲು ಪೂರ್ತಿಯಾಗಿ ಒಲಿಯಲಿಲ್ಲ. ಸಾವಿರಾರು ನಾಣ್ಯಗಳು ಒಮ್ಮೆಗೇ ಕೈಸೇರಿದಾಗ ಒಂದರಲ್ಲಿ ಇಲ್ಲದ ಅಕ್ಷರವನ್ನು ಇನ್ನೊಂದರಿಂದ ತುಂಬಿಕೊಳ್ಳಲು ಸಾಧ್ಯವಾಯಿತು. ರೆವರೆಂಡ್ ಹೆಚ್. ಆರ್. ಸ್ಕಾಟರು 1908ರಲ್ಲಿ ಈ ನಿಧಿಯ ವಿವರಗಳನ್ನು ಪ್ರಕಟಿಸಿದರು. ರಾಪ್ಸನ್ನರ ಬ್ರಿಟಿಷ್ ಮ್ಯೂಸಿಯಂ ನಾಣ್ಯಸೂಚಿಯೂ ಅದೇ ವರ್ಷದ್ದು.

ಹಾಗೆ ಕೂಡಿಸಿದ ಗ್ರೀಕ್ ಸಾಲು ಗ್ರೀಕ್ ಭಾಷೆಯದಲ್ಲವೆಂಬುದೇ ಇಲ್ಲಿಯ ಸ್ವಾರಸ್ಯ. ಗ್ರೀಕರಲ್ಲಿ ‘ರಾಜನ’ ಎನ್ನಲು ‘ಬಸಿಲೆಯೋಸ್’ ಎಂಬ ಪದವಿದೆ; ವಾಯವ್ಯದ ಯವನ ದೊರೆಗಳ ನಾಣ್ಯಗಳ ಮೇಲೆ ಅದು ಪ್ರಸಿದ್ಧವಾಗಿದೆ. ನಹಪಾನನ ನಾಣ್ಯದಲ್ಲಿ ಆ ಪದವಿಲ್ಲ. ಅಲ್ಲಿರುವುದು ರೋ, ಆಲ್ಫಾ, ಎರಡು ನ್ಯೂ, ಇಯೋಟಾ, ಕೊನೆಗೆ ಒಮೆಗಾ, ಅಂದರೆ ‘ರನ್ನಿಯೋ’. ‘ರಞೋ’ ಎಂಬ ಪ್ರಾಕೃತ ಪದವೇ ಇದು. ಗ್ರೀಕ್ ವರ್ಣಮಾಲೆಯಲ್ಲಿ ಞಕಾರವಿಲ್ಲ. ಎರಡು ನಕಾರಗಳ ಬೆನ್ನಿಗೆ ಒಂದು ಇಕಾರವನ್ನು ಕಟ್ಟಿ ಅಚ್ಚುಕೆತ್ತುವವನು ಆ ಧ್ವನಿಯನ್ನು ಹಿಡಿದಿದ್ದಾನೆ. ಮುಂದೆ ಮನೆತನದ ಹೆಸರು ‘-ಹರತಸ್’ ಎಂದು ಮುಗಿಯುತ್ತದೆ. ಅದರ ಮೊದಲ ಅಕ್ಷರದ ಓದಿನಲ್ಲಿ ಮತಭೇದವುಂಟು. ಬಳಿಕ ‘ನಹಪನಸ್’. ಈ ತುದಿಯ ಸಕಾರವೂ ಗ್ರೀಕ್ ವಿಭಕ್ತಿಯಲ್ಲ. ಪ್ರಾಕೃತದ ಷಷ್ಠಿಯಾದ ‘-ಸ’ ಎಂಬುದರ ಮೊಟಕು ರೂಪ. ಲಿಪಿ ಯವನರದು, ನುಡಿ ಈ ನೆಲದ್ದು.

ಇದಕ್ಕಿಂತಲೂ ಬೆಲೆಯುಳ್ಳ ಸುಳಿವು ನಡುವಿನ ಹಕಾರದಲ್ಲಿದೆ. ಗ್ರೀಕರಲ್ಲಿ ಹಕಾರಕ್ಕೆ ಆಗ ಪ್ರತ್ಯೇಕವಾದ ಅಕ್ಷರವಿರಲಿಲ್ಲ. ಪದದ ಆದಿಯಲ್ಲಿ ಆ ಉಸಿರು ಬಂದಾಗ ಸ್ವರದ ಮೇಲೆ ಒಂದು ಸಣ್ಣ ಕೊಂಕನ್ನು ಇಡುವುದು ವೈಯಾಕರಣರ ಪದ್ಧತಿ. ಅದನ್ನೂ ಸಾಮಾನ್ಯ ಬರಹಗಾರರು ಬಹುಮಟ್ಟಿಗೆ ಬಿಟ್ಟೇ ಬಿಡುತ್ತಿದ್ದರು. ಪದದ ನಡುವೆ ಹಕಾರವನ್ನು ತೋರಿಸುವ ಉಪಾಯವೇ ಅವರಲ್ಲಿ ಇರಲಿಲ್ಲ. ಗ್ರೀಕರು ದೀರ್ಘ ಏಕಾರಕ್ಕೆ ಬಳಸುತ್ತಿದ್ದ ಅಕ್ಷರರೂಪವನ್ನೇ ರೋಮನರು ಹಕಾರಕ್ಕೆ ಬಳಸುತ್ತಿದ್ದರು. ನಹಪಾನನ ಅಚ್ಚುಕೆತ್ತುವವನು ಅದೇ ರೂಪವನ್ನು ರೋಮನ್ ಬೆಲೆಯಲ್ಲಿ ತೆಗೆದುಕೊಂಡಿದ್ದಾನೆ. ಅವನ ಕಣ್ಣ ಮುಂದೆ ರೋಮನ್ ನಾಣ್ಯಗಳಿದ್ದುವೆಂದು ಇದರಿಂದ ಹೇಳಬಹುದು. ಭರುಕಚ್ಛದ ಪೇಟೆಯಲ್ಲಿ ರೋಮನ್ ಚಿನ್ನಬೆಳ್ಳಿಗಳ ಹಣಕ್ಕೆ ಒಳ್ಳೆಯ ವಟ್ಟ ದೊರೆಯುತ್ತಿತ್ತೆಂದು 1ನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕರ ಕೈಪಿಡಿಯೂ ಹೇಳುತ್ತದೆ. ಅದೇ ಕೈಪಿಡಿಯ ಹಸ್ತಪ್ರತಿಯಲ್ಲಿ ಆ ಸೀಮೆಯ ಅರಸನ ಹೆಸರು ‘ಮನ್ಬನೋಸ್’ ಎಂದು ಬಂದಿದೆ. ವಿದ್ವಾಂಸರು ಅದನ್ನು ‘ನಂಬನೋಸ್’ ಎಂದು ತಿದ್ದಿಕೊಂಡು ನಹಪಾನನೆಂದೇ ಗ್ರಹಿಸಿದ್ದಾರೆ. ಗ್ರೀಕ್ ವರ್ತಕನ ಲೇಖನಿಯಲ್ಲಿ ಹಕಾರ ಉಳಿಯಲಿಲ್ಲ. ನಾಣ್ಯ ಕೆತ್ತಿದವನ ಉಳಿಯಲ್ಲಿ ಅದು ಉಳಿಯಿತು. ಈ ಹಕಾರದ ಕಥೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಕನ್ನಡದ ಒಂದು ದೊಡ್ಡ ವಾದ ಇದೇ ಅಕ್ಷರದ ಮೇಲೆ ನಿಂತಿದೆ.

ಪೆರಿಪ್ಲಸ್ಸಿನಲ್ಲಿ ಪೈಠಣವು ‘ಪೈಥನ’ ಎಂದಿದೆ. ದಖ್ಖಣವು ‘ದಖಿನಬದೇಸ್’ ಎಂದಿದೆ, ದಕ್ಷಿಣದಿಕ್ಕಿಗೆ ಅಲ್ಲಿಯವರು ‘ದಖನೋಸ್’ ಎನ್ನುವರೆಂಬ ವಿವರಣೆಯೂ ಇದೆ. ಗ್ರೀಕರಲ್ಲಿ ‘ಕ್ಸ’ ಎಂಬುದಕ್ಕೆ ಸ್ವತಂತ್ರವಾದ ಅಕ್ಷರವುಂಟು. ‘ದಕ್ಷಿಣ’ ಎಂದು ಕಿವಿಗೆ ಬಿದ್ದಿದ್ದರೆ ಅದನ್ನು ಬರೆಯಲು ಕಷ್ಟವಿರಲಿಲ್ಲ. ಖಕಾರವನ್ನು ಬರೆದುದರಿಂದ ಅವರು ಕೇಳಿದುದು ‘ದಕ್ಖಿಣ’ ಎಂಬ ಪ್ರಾಕೃತವೆಂಬುದು ನಿಸ್ಸಂದೇಹ.

ಶಾತವಾಹನರ ಬೆಳ್ಳಿಯ ನಾಣ್ಯಗಳಲ್ಲಿಯೂ ಇಂತಹದೇ ಜೋಡಿ ಬರಹವಿದೆ. ಒಂದು ಬದಿಯ ‘ವಾಸಿಠಿಪುತ’ ಎಂಬ ಪ್ರಾಕೃತಕ್ಕೆ ಇನ್ನೊಂದು ಬದಿಯಲ್ಲಿ ‘ಮಾಕಣ’ ಎಂಬ ಪದವನ್ನೊಳಗೊಂಡ ಸಾಲು, ‘ಸಿರಿ’ಗೆ ಪ್ರತಿಯಾಗಿ ‘ತಿರು’. ಎರಡನೆಯ ನುಡಿ ದ್ರಾವಿಡವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಅದನ್ನು ಕನ್ನಡದ ‘ಮಗನ್’ ಎಂದು ಓದುವ ಆಸೆ ಯಾರಿಗಾದರೂ ಹುಟ್ಟೀತು. ಆದರೆ ಬ್ರಾಹ್ಮಿಯಲ್ಲಿ ಗಕಾರಕ್ಕೆ ಕೊರತೆಯಿಲ್ಲ. ಗಕಾರ ಕೈಯಲ್ಲಿದ್ದೂ ಕಕಾರವನ್ನು ಬರೆಯುವುದು, ‘ತಿರು’ವೆಂದು ಬರೆಯುವುದು, ಎರಡೂ ತಮಿಳಿನ ಕ್ರಮಕ್ಕೆ ಹತ್ತಿರ. ಶಾತವಾಹನರನ್ನು ಕನ್ನಡಿಗರೆಂದು ಸಾಧಿಸಲು ಈ ನಾಣ್ಯ ನೆರವಾಗಲಾರದು.

ಇನ್ನು ಕನ್ನಡಿಗರ ಅಭಿಮಾನಕ್ಕೆ ಬಹಳ ಹತ್ತಿರವಾದ ಬರಹದ ವಿಚಾರ. ಈಜಿಪ್ತಿನ ಆಕ್ಸಿರಿಂಕಸ್ ಎಂಬಲ್ಲಿ ಗ್ರೆನ್‌ಫೆಲ್ ಮತ್ತು ಹಂಟರು ಅಗೆದು ತೆಗೆದು 1903ರಲ್ಲಿ ಅಚ್ಚು ಮಾಡಿಸಿದ 413ನೆಯ ಸಂಖ್ಯೆಯ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಖಾರಿತಿಯೋನ್ ಎಂಬ ಗ್ರೀಕ್ ಯುವತಿ ಹಿಂದೂ ಮಹಾಸಾಗರದ ತೀರದಲ್ಲಿ ಸೆರೆಸಿಕ್ಕಿರುವಳು. ಅವಳ ಬಳಗದವರು ಅಲ್ಲಿಯ ಅರಸನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುವರು. ಆ ಅರಸನ ಬಾಯಲ್ಲಿ ಗ್ರೀಕ್ ಅಲ್ಲದ ಮಾತುಗಳು ಬರುತ್ತವೆ. ಮದರಾಸು ಸರ್ಕಾರದ ಶಾಸನತಜ್ಞರಾಗಿ ಹೆಸರಾದ ಹುಲ್ಟ್‌ಷ್ ಅವರು 1904ರಲ್ಲಿ ಈ ಮಾತುಗಳು ಕನ್ನಡವಿರಬೇಕೆಂದು ಸೂಚಿಸಿದರು. ಶಾಮಶಾಸ್ತ್ರಿಗಳು ಆ ವಾದವನ್ನು ಮುಂದುವರಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಅದರಲ್ಲಿ ಆಸಕ್ತಿ ವಹಿಸಿದರು. ಅಲ್ಲಿಯ ‘ಮಲ್ಪಿನಿಯಕ್’ ಎಂಬುದನ್ನು ಮಲ್ಪೆಯ ನಾಯಕನೆಂದು ಕಂಡವರೂ ಇದ್ದಾರೆ. ಕನ್ನಡ ಶಾಸನಗಳನ್ನು ಬಲ್ಲ ಬಾರ್ನೆಟ್ಟರು 1926ರಲ್ಲಿ ಇದನ್ನು ಒಪ್ಪದೆ ಲೇಖನ ಬರೆದರು. ತರುವಾಯ ತುಳುವಿನ ಪಕ್ಷವನ್ನು ಹಿಡಿದವರೂ ಉಂಟು.

ಈ ಮಾತುಗಳಲ್ಲಿ ‘ಬೆರೇ ಕೊನ್ಜೆಯಿ ದಮುನ್ ಪೆತ್ರೆಕಿಯೋ’ ಎಂಬ ತುಂಡು ಪ್ರಸಿದ್ಧವಾದುದು. ಹುಲ್ಟ್‌ಷ್ ಅವರ ಓದಿನಂತೆ ಇದು ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂದಾಗುತ್ತದೆ. ಕನ್ನಡಿಗನ ಕಿವಿಗೆ ಇದು ಮೊದಲ ಸಲವೇ ಇಂಪಾಗಿ ಕೇಳುತ್ತದೆ. ಆದರೆ ನಹಪಾನನ ನಾಣ್ಯಕ್ಕೆ ಹಿಡಿದ ಒರೆಗಲ್ಲನ್ನೇ ಇದಕ್ಕೂ ಹಿಡಿಯಬೇಕಲ್ಲವೆ?

ಮೊದಲು ಸ್ವರಗಳು. ಎಕಾರದ ಹ್ರಸ್ವಕ್ಕೂ ದೀರ್ಘಕ್ಕೂ ಬೇರೆ ಬೇರೆ ಅಕ್ಷರಗಳಿರುವುದು ಗ್ರೀಕ್ ಲಿಪಿಯ ವೈಶಿಷ್ಟ್ಯ. ಹಳಗನ್ನಡ ಶಾಸನಗಳ ಲಿಪಿಯಲ್ಲಿಯೇ ಈ ಸೌಕರ್ಯವಿರಲಿಲ್ಲ. ‘ಬೇರೆ’ ಎಂಬ ಪದದಲ್ಲಿ ಮೊದಲನೆಯದು ದೀರ್ಘ, ಎರಡನೆಯದು ಹ್ರಸ್ವ. ಪಪೈರಸ್ಸಿನಲ್ಲಿ ಅದು ತಿರುವುಮುರುವಾಗಿದೆ. ಆ ಕಾಲಕ್ಕೆ ಈಜಿಪ್ತಿನ ಗ್ರೀಕರ ಆಡುಮಾತಿನಲ್ಲಿ ಹ್ರಸ್ವದೀರ್ಘಗಳ ಭೇದ ಅಳಿಸಿಹೋಗುತ್ತಿದ್ದುದರಿಂದ ಈ ಆಕ್ಷೇಪವನ್ನು ಬಹಳ ಬಿಗಿಯಾಗಿ ಹಿಡಿಯಲಾಗದು. ‘ದಮುನ್’ ಎಂಬುದು ‘ಮಧು’ವಾಗಬೇಕಾದರೆ ಅಕ್ಷರಗಳು ಸ್ಥಳ ಬದಲಿಸಬೇಕು. ಇದೂ ಒಂದೇ ಕಡೆಯಾಗಿದ್ದರೆ ಲಿಪಿಕಾರನ ಕೈತಪ್ಪೆಂದು ಬಿಡಬಹುದು.

ಬಿಡಲಾಗದ ತೊಡಕು ‘ಹಾಕಿ’ ಎಂಬಲ್ಲಿದೆ. ಈ ಪದದ ಹಳೆಯ ರೂಪ ‘ಪಾಯ್ಕು’. ಪಕಾರ ಹಕಾರವಾದುದು ಹಳಗನ್ನಡದ ಕಡೆಯ ಕಾಲದ ಬೆಳೆವಣಿಗೆ. ಹಸ್ತಪ್ರತಿಯಾದರೋ 2ನೆಯ ಶತಮಾನದ್ದು. ಆ ಕಾಲದ ಕನ್ನಡಿಗನು ಪಕಾರವನ್ನೇ ನುಡಿದಿರಬೇಕು. ಗ್ರೀಕ್ ಲಿಪಿಕಾರನಿಗೆ ‘ಪೈ’ ಎಂಬ ಅಕ್ಷರವಿತ್ತು, ಅದೇ ಪದಪುಂಜದ ‘ಪೆತ್ರೆ’ ಎಂಬಲ್ಲಿ ಅದನ್ನು ಬಳಸಿಯೂ ಇದ್ದಾನೆ. ‘ಕಿಯೋ’ ಎಂಬುದರ ಹಿಂದೆ ಅದು ಕಾಣುವುದಿಲ್ಲ. ಗ್ರೀಕ್ ಬರಹದಲ್ಲಿ ಹಕಾರ ಕಾಣಿಸದೆಂಬ ನ್ಯಾಯವನ್ನು ಹಿಡಿದು ಬೇಕಾದಲ್ಲಿ ಹಕಾರವನ್ನು ಸೇರಿಸಿಕೊಳ್ಳುತ್ತ ಹೋದರೆ ಯಾವ ಸಾಲನ್ನು ಬೇಕಾದರೂ ಹೊಸಗನ್ನಡವಾಗಿ ಮಾಡಬಹುದು. ನಹಪಾನನ ನಾಣ್ಯದಲ್ಲಿ ಓದುಗನಿಗೆ ಈ ಸ್ವಾತಂತ್ರ್ಯವಿಲ್ಲ. ಅವನ ತಪ್ಪನ್ನು ತೋರಿಸಲು ಬ್ರಾಹ್ಮಿಯ ಸಾಲು ಪಕ್ಕದಲ್ಲಿಯೇ ಕಾದಿದೆ. ಪಪೈರಸ್ಸಿಗೆ ಅಂತಹ ಜೊತೆಗಾರನಿಲ್ಲ. ಇಡೀ ಪ್ರಹಸನದಲ್ಲಿ ಗ್ರೀಕ್ ಅರ್ಥ ಒಡನೆಯೇ ದೊರೆಯುವ ಪದವೆಂದರೆ ‘ಬ್ರಥಿಸ್’ ಎಂಬುದು. ಅದೇನೆಂದು ಒಬ್ಬನು ಕೇಳಿದಾಗ ‘ಪಾಲುಗಳಿಗೆ ಚೀಟಿ ಎತ್ತೋಣವೆನ್ನುತ್ತಾನೆ’ ಎಂದು ಇನ್ನೊಬ್ಬನು ಹೇಳುವನು. ಕನ್ನಡದ ಪಕ್ಷ ಗೆಲ್ಲಬೇಕಾದರೆ ಮೊದಲು ಗೆಲ್ಲಬೇಕಾದುದು ಈ ಪದದಲ್ಲಿ. ‘ಕೊಂಚ’, ‘ಬೇರೆ’ಗಳ ಸೊಗಸಿಗೆ ಮಾರುಹೋದವರು ‘ಬ್ರಥಿಸ್’ ಎಂಬಲ್ಲಿ ಬಹಳ ಹೊತ್ತು ನಿಂತಂತೆ ಕಾಣುವುದಿಲ್ಲ. ಬರೆದವನು ಕರಾವಳಿಯ ಮಾತನ್ನು ಅರೆಬರೆಯಾಗಿ ಕೇಳಿದ್ದನು ಎಂಬುದು ಅಸಂಭವವಲ್ಲ. ಆದರೆ 2ನೆಯ ಶತಮಾನದ ಕನ್ನಡ ವಾಕ್ಯವೆಂದು ಇದನ್ನು ಪಠ್ಯಪುಸ್ತಕಕ್ಕೆ ಏರಿಸುವುದು ದುಡುಕಾಗುತ್ತದೆ.

ಇಂತಹ ದುಡುಕು ಎರಡು ಕಡೆಗೂ ಆಗಬಲ್ಲದು. ಶ್ರವಣಬೆಳ್ಗೊಳದ ಉದಾಹರಣೆ ಅದನ್ನು ತೋರಿಸುತ್ತದೆ. ಗೊಮ್ಮಟನ ಪಾದಗಳ ಬಳಿ ಒಂದೇ ವಿಷಯ ಮೂರು ನುಡಿಗಳಲ್ಲಿದೆ: ಕನ್ನಡದಲ್ಲಿ ‘ಶ್ರೀಚಾವುಂಡರಾಜಂ ಮಾಡಿಸಿದಂ’, ತಮಿಳಿನಲ್ಲಿ ‘ಚೆಯ್ವಿತ್ತಾನ್’, ನಾಗರೀ ಲಿಪಿಯ ಮರಾಠಿಯಲ್ಲಿ ‘ಶ್ರೀಚಾವುಂಡರಾಜೇಂ ಕರವಿಯಲೇಂ’. ಹೆಸರಿನ ತುದಿಯ ‘-ಅಂ’ 'ಏಂ' ಆಗುವಷ್ಟರಲ್ಲಿ ಭಾಷೆ ಬದಲಾಗಿದೆ. 12ನೆಯ ಶತಮಾನದ ಆರಂಭದಲ್ಲಿ ಗಂಗರಾಜನು ಸುತ್ತಾಲಯವನ್ನು ಕಟ್ಟಿಸಿದುದನ್ನು ಹೇಳುವ ಮರಾಠಿ ಸಾಲು ಇನ್ನೂ ಬೋಧಪ್ರದವಾಗಿದೆ. ಅಲ್ಲಿ ‘ಸುತ್ತಾಲೇ’ ಎಂಬ ಪದ ಅಪ್ಪಟ ಕನ್ನಡದ ‘ಸುತ್ತು’ವಿನಿಂದ ಬಂದುದು. ಆದರೂ ‘ಕರವಿಯಲೇ’ ಎಂಬ ಕ್ರಿಯಾಪದವಿರುವುದರಿಂದ ವಾಕ್ಯ ಮರಾಠಿಯೇ. ಎರವಲು ಪದ ಭಾಷೆಯನ್ನು ನಿರ್ಣಯಿಸದು, ಪ್ರತ್ಯಯ ನಿರ್ಣಯಿಸುತ್ತದೆ. ಶ್ರವಣಬೆಳ್ಗೊಳದ ಈ ಸಾಲನ್ನು ಮರಾಠಿಗರಿಗೆ ಮನಃಪೂರ್ವಕವಾಗಿ ಒಪ್ಪಿಸುವವರು ಪೈಠಣದೊಡನೆ ಹೆಸರು ಬೆಸೆದುಕೊಂಡಿರುವ ‘ಗಾಥಾಸಪ್ತಶತಿ’ಯಲ್ಲಿ ‘ತುಪ್ಪ’ದಂತಹ ಪದ ಕಂಡಾಗಲೂ ಅದೇ ನ್ಯಾಯವನ್ನು ಪಾಲಿಸಬೇಕಾಗುತ್ತದೆ.

ಈಗ ವೇರೂಳಕ್ಕೆ ಬರಬಹುದು. ಛತ್ರಪತಿ ಸಂಭಾಜಿನಗರದಿಂದ (2023ರವರೆಗೆ ಔರಂಗಾಬಾದ್) ಸುಮಾರು 30 ಕಿಲೋಮೀಟರು ದೂರದಲ್ಲಿ, ಗೋದಾವರಿಯ ಬಡಗಣಕ್ಕೆ ಈ ಗುಹೆಗಳಿವೆ. ಕೈಲಾಸವನ್ನು ಕಡೆಯಿಸಿದ ಒಂದನೆಯ ಕೃಷ್ಣನ ವಂಶದವರು ಕನ್ನಡಿಗರೆಂಬ ಮಾತಿಗೆ ಮರಾಠಿ ವಿದ್ವಾಂಸರಾದ ಅ. ಸ. ಅಳ್ತೇಕರರೇ 1934ರ ತಮ್ಮ ಗ್ರಂಥದಲ್ಲಿ ಒಳ್ಳೆಯ ಆಧಾರವನ್ನು ಕೊಟ್ಟಿದ್ದಾರೆ. ಗುಜರಾತ ಶಾಖೆಯ ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಶಾಸನದ ಮೈ ಸ್ಥಳೀಯ ಲಿಪಿಯಲ್ಲಿದ್ದು ಅರಸನ ಅಂಕಿತ ಮಾತ್ರ ಕನ್ನಡದ ಪೂರ್ವರೂಪವಾದ ದಕ್ಷಿಣದ ಲಿಪಿಯಲ್ಲಿರುವ ನಿದರ್ಶನಗಳಿವೆ. ಅಂಕಿತದ ನುಡಿ ಸಂಸ್ಕೃತವೇ ಸರಿ. ಆದರೆ ರುಜು ಹಾಕುವ ಕೈ ಬಾಲ್ಯದಲ್ಲಿ ಯಾವ ಅಕ್ಷರವನ್ನು ತಿದ್ದಿತೆಂಬುದನ್ನು ಲಿಪಿ ಇಲ್ಲಿ ಹೇಳುತ್ತದೆ. ಮೂರನೆಯ ಗೋವಿಂದನು 804ರಲ್ಲಿ ಕನ್ನಡದಲ್ಲಿಯೇ ತಾಮ್ರಪಟವನ್ನು ಕೊಟ್ಟುದು ಇದಕ್ಕೆ ಒಪ್ಪುವ ಸಂಗತಿ.

ವೇರೂಳದ ಜೈನ ಗುಹೆಗಳಲ್ಲಿ 32ನೆಯದಾದ ಇಂದ್ರಸಭೆಯ ಶಾಂತಿನಾಥನ ಬಿಂಬದ ಕೆಳಗೆ ಒಂದು ಕಿರುಬರಹವಿದೆ: ‘ಶ್ರೀ ಸೋಹಿಲ ಬ್ರಹ್ಮಚಾರಿಣಾ ಶಾಂತಿಭಟ್ಟಾರಕ ಪ್ರತಿಮೆಯಂ’. ಬರ್ಗೆಸರು ಇದನ್ನು ಪ್ರಕಟಿಸಿದರು. ‘ಪ್ರತಿಮೆಯಂ’ ಎಂದೊಡನೆ ಕನ್ನಡಿಗನ ಮನಸ್ಸು ಹಿಗ್ಗುತ್ತದೆ. ಆಕಾರಾಂತವಾದ ಸಂಸ್ಕೃತ ಪದ ಎಕಾರಾಂತವಾಗುವುದು, ಯಕಾರಾಗಮ, ‘ಅಂ’ ಎಂಬ ದ್ವಿತೀಯೆ, ಎಲ್ಲವೂ ಕೇಶಿರಾಜನ ವ್ಯಾಕರಣಕ್ಕೆ ಸರಿಹೊಂದುತ್ತವೆ. ಆದರೆ ಹಿಂದಿನ ಪದವನ್ನು ನೋಡಬೇಕು. ‘ಬ್ರಹ್ಮಚಾರಿಣಾ’ ಎಂಬುದು ಸಂಸ್ಕೃತದ ತೃತೀಯೆ. ಕನ್ನಡದ ದ್ವಿತೀಯೆಗೆ ಬೇಕಾದ ‘ಮಾಡಿಸಿದಂ’ ಎಂಬಂತಹ ಕ್ರಿಯಾಪದವೂ ಇಲ್ಲ. ಹಾಗಾದರೆ ಇದು ‘ಪ್ರತಿಮಾ ಇಯಂ’ ಎಂಬೆರಡು ಪದಗಳ ಗುಣಸಂಧಿ. ‘ಸೋಹಿಲ ಬ್ರಹ್ಮಚಾರಿಯಿಂದ ಆದ ಶಾಂತಿಭಟ್ಟಾರಕನ ಪ್ರತಿಮೆ ಇದು’ ಎಂಬ ಸಂಸ್ಕೃತ ವಾಕ್ಯ. ಎಕಾರದ ಹ್ರಸ್ವದೀರ್ಘಗಳನ್ನು ಬೇರ್ಪಡಿಸುವ ಚಿಹ್ನೆ ಆ ಲಿಪಿಯಲ್ಲಿ ಇದ್ದಿದ್ದರೆ ಈ ಸಂದೇಹಕ್ಕೆ ಎಡೆಯೇ ಇರುತ್ತಿರಲಿಲ್ಲ: ಕನ್ನಡದ ‘ಮೆ’ ಹ್ರಸ್ವ, ಸಂಧಿಯ ‘ಮೇ’ ದೀರ್ಘ. ಒಂದು ಕೊಂಬಿನ ಅಭಾವದಿಂದ ಎರಡು ಭಾಷೆಗಳು ಒಂದೇ ಮುಖವನ್ನು ತೋರಿಸುತ್ತಿವೆ.

ಮತ್ತೊಂದು ಬಿಂಬದ ಬರಹದಲ್ಲಿ ‘ನಾಗವರ್ಮ್ಮ’ನ ಹೆಸರಿದೆ. ಹೆಸರು ಕನ್ನಡನಾಡಿಗೆ ಚಿರಪರಿಚಿತ. ರೇಫದ ಮೇಲಣ ಮಕಾರ ಇಮ್ಮಡಿಯಾಗಿರುವುದನ್ನು ಕನ್ನಡದ ಗುರುತೆನ್ನಲಾಗದು. ಅದಕ್ಕೆ ಪಾಣಿನಿಯ ಸಮ್ಮತಿಯಿದೆ, ಇತರ ದೇಶಗಳ ಶಾಸನಗಳಲ್ಲಿಯೂ ಅದು ಕಾಣುತ್ತದೆ. ಜೊತೆಗಿರುವ ‘ಕೃತ ಪ್ರತಿಮಾ’ ಎಂಬುದರ ಆಕಾರಾಂತ ಇದನ್ನೂ ಸಂಸ್ಕೃತದ ಕಡೆಗೆ ಸೇರಿಸುತ್ತದೆ.

ಕನ್ನಡದ ನಿಜವಾದ ನೆಲೆ ಪಕ್ಕದ 33ನೆಯ ಗುಹೆಯಾದ ಜಗನ್ನಾಥಸಭೆಯಲ್ಲಿದೆ. ಅಲ್ಲಿಯ ಕಂಬಗಳ ಮೇಲೆ ಹಳಗನ್ನಡ ಬರಹದ ತುಣುಕುಗಳಿರುವುದನ್ನು ಬರ್ಗೆಸರು ದಾಖಲಿಸಿ, ಅಕ್ಷರಗಳ ರೂಪದಿಂದ ಅವು ಸುಮಾರು 9ನೆಯ ಶತಮಾನದವೆಂದು ನಿರ್ಧರಿಸಿದರು. 19ನೆಯ ಶತಮಾನದ ಯುರೋಪಿಯನ್ ಶೋಧಕರು ‘ಹಳಗನ್ನಡ’ವೆಂಬ ಮಾತನ್ನು ಲಿಪಿಗೂ ಭಾಷೆಗೂ ಕೂಡಿಸಿಯೇ ಬಳಸುತ್ತಿದ್ದರೆಂಬುದನ್ನು ಮರೆಯಬಾರದು. ಈ ತುಣುಕುಗಳಲ್ಲಿ ಹೆಸರುಗಳೇ ಹೆಚ್ಚು, ವಾಕ್ಯಗಳು ಉಳಿದಿಲ್ಲ. ಕಂಬದ ಮೇಲೆ ತನ್ನ ಹೆಸರನ್ನು ಕೊರೆದು ಹೋದವನು ದಾನಿಯೋ, ಯಾತ್ರಿಕನೋ, ಶಿಲ್ಪಿಯೋ ಇದ್ದಿರಬಹುದು. ಅವನು ಗೋದಾವರಿಯನ್ನು ದಾಟಿ ಬಂದ ಮೇಲೂ ತನ್ನ ಹೆಸರನ್ನು ಬರೆಯಲು ತನ್ನ ನಾಡಿನ ಅಕ್ಷರವನ್ನೇ ಆರಿಸಿಕೊಂಡನು. ಇಷ್ಟನ್ನು ಹೇಳಲು ಹಕಾರವನ್ನು ಸೇರಿಸಬೇಕಾಗಿಲ್ಲ, ಅಕ್ಷರಗಳನ್ನು ಅದಲುಬದಲು ಮಾಡಬೇಕಾಗಿಲ್ಲ. ಸಾಕ್ಷ್ಯ ಚಿಕ್ಕದು, ಆದರೆ ಗಟ್ಟಿಯಾದುದು. ಪಪೈರಸ್ಸಿನ ದೊಡ್ಡ ಸಾಕ್ಷ್ಯಕ್ಕಿಂತ ಇದರ ತೂಕವೇ ಹೆಚ್ಚು.

ಈ ಗುಹೆಗಳ ಮೇಲ್ಗಡೆ ಬೆಟ್ಟದ ಇಳಿಜಾರಿನಲ್ಲಿ ಪಾರ್ಶ್ವನಾಥನ ದೊಡ್ಡ ಮೂರ್ತಿಯಿದೆ. ಅದರ ಪೀಠದ ಶಾಸನ ಶಕ 1156ಕ್ಕೆ ಸೇರಿದುದು. ವರ್ಧನಪುರದ ಮನೆತನವೊಂದರ ಚಕ್ರೇಶ್ವರನೆಂಬ ಶ್ರಾವಕನು ಬೆಟ್ಟವನ್ನು ಚಾರಣಾದ್ರಿಯೆಂದು ಕರೆದು ತನ್ನ ಸೇವೆಯನ್ನು ಅಲ್ಲಿ ಬರೆಯಿಸಿದ್ದಾನೆ. ಜಗನ್ನಾಥಸಭೆಯ ಕಂಬಗಳಿಗೂ ಈ ಪೀಠಕ್ಕೂ ನಡುವೆ ಸುಮಾರು ನಾಲ್ಕು ಶತಮಾನಗಳ ಅಂತರ. ನುಡಿ ಸಂಸ್ಕೃತ, ದೇವಗಿರಿಯ ಯಾದವರ ಕಾಲ; ಕಂಬಗಳ ಮೇಲಣ ಕನ್ನಡದ ಕೈ ಈ ಪೀಠದಲ್ಲಿ ಕಾಣುವುದಿಲ್ಲ.